ನಾವು ರೇಡಿಯೋ ಕೇಳುವುದಿಲ್ಲ

ನಂಜನಗೂಡಿನಲ್ಲಿ ನನಗೂ ಒಂದು ಹೆಸರಿದೆ ಎಂಬ ಸಂಗತಿ ಬ್ಯಾಂಕಿನವರಿಗೆ ಮತ್ತು ನಾನು ಕೆಲಸ ಮಾಡುವ ತಾಂಡ್ಯದ ಕಾರ್ಖಾನೆಯವರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಾರದು. ಮಿಕ್ಕವರಿಗೆಲ್ಲ ನಾನು ‘ರೇಡಿಯೋ ನಾಗರತ್ನಮ್ಮನ ಯಜಮಾನರು’. ತರಕಾರಿ ಅಂಗಡಿಯಲ್ಲಿ ನಾಲ್ಕು ಎಸಳು ಕೊತ್ತಂಬರಿ ಹೆಚ್ಚಿಗೆ ಬೀಳುವುದು ಈ ಬಿರುದಿನಿಂದಲೇ. ಮೊದಮೊದಲು ಮುಜುಗರವಾಗುತ್ತಿತ್ತು. ಈಗ ಯಾರಾದರೂ ಹಾಗೆ ಗುರುತಿಸದಿದ್ದರೆ ನಾನೇ ಮಾತನ್ನು ಮೆಲ್ಲಗೆ ಆ ಕಡೆಗೆ ತಿರುಗಿಸುತ್ತೇನೆ.

ತೊಂಬತ್ತರ ದಶಕದಲ್ಲಿ ನನ್ನ ಹೆಂಡತಿ ಮೈಸೂರಿನ ಸರ್ಕಾರಿ ರೇಡಿಯೋದಲ್ಲಿ ತಿಂಗಳಿಗೆ ಕೆಲವು ದಿನ ಉದ್ಘೋಷಕಿಯಾಗಿದ್ದಳು. ಒಮ್ಮೆ ನನ್ನನ್ನೂ ಸ್ಟುಡಿಯೋ ನೋಡಲು ಕರೆದೊಯ್ದಿದ್ದಳು. ಚಪ್ಪಲಿ ಹೊರಗೆ ಬಿಡಬೇಕು, ಓದುವ ಪ್ರತಿ ಸಾಲಿಗೂ ಮೇಲಿನವರ ರುಜು ಬೇಕು, ಕೆಂಪು ದೀಪ ಹತ್ತಿದ ಮೇಲೆ ಉಸಿರನ್ನೂ ಮರ್ಯಾದೆಯಿಂದ ಬಿಡಬೇಕು. ಗೋಡೆಗೂ ಕಿವಿ ಇದೆ ಎಂದ ಪುಣ್ಯಾತ್ಮ ಆ ಗೋಡೆಯನ್ನು ನೋಡಿರಲಿಲ್ಲ. ಮೈತುಂಬ ತೂತುಗಳಿದ್ದ ಅದು ಆಡಿದ ಮಾತನ್ನೆಲ್ಲ ನುಂಗಿ ಸುಮ್ಮನೆ ನಿಂತಿತ್ತು. ನಾನು ಗರ್ಭಗುಡಿಗೆ ಬಂದವನಂತೆ ಕೈಕಟ್ಟಿ ನಿಂತಿದ್ದೆ.

ಆಮೇಲೆ ಮೈಸೂರಿಗೆ ಖಾಸಗಿ ಎಫ್‌ಎಂ ಬಂತು. ಸೀರೆ ಅಂಗಡಿಯೊಂದರ ಮೇಲೆ, ಮೂರನೇ ಮಹಡಿಯಲ್ಲಿ ಸ್ಟುಡಿಯೋ. ಟೇಪಿನ ಚಕ್ರಗಳು ಹೋಗಿ ಕಂಪ್ಯೂಟರ್ ಬಂತು. ರುಜುವೂ ಇಲ್ಲ, ಬರೆದಿಟ್ಟುಕೊಂಡು ಓದುವುದೂ ಇಲ್ಲ. ತಲೆಗೆ ಹೆಡ್‌ಫೋನ್ ಏರಿಸಿಕೊಂಡು, ಕಾಫಿ ಹೀರುತ್ತ, ಬಾಯಿಗೆ ಬಂದದ್ದನ್ನು ಮಾತಾಡುವುದು. ನಾಗರತ್ನ ಅಲ್ಲಿಗೆ ಸೇರಿದ ಮೊದಲ ದಿನ ಅಭ್ಯಾಸಬಲದಿಂದ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಳು. ಅಲ್ಲಿನ ಹುಡುಗರು ನಕ್ಕರಂತೆ. ವಾರ ಕಳೆಯುವುದರೊಳಗೆ ಅವರ ಶೂಗಳೂ ಬಾಗಿಲಾಚೆ ಸಾಲಾಗಿ ನಿಂತಿದ್ದವು. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಅವಳಿಗೆ ಕೊಟ್ಟಿದ್ದು ಬೆಳಗಿನ ಕಾರ್ಯಕ್ರಮ. ಕಪಿಲೆಯಲ್ಲಿ ನೀರು ಎಷ್ಟು ಬಂತು, ರಸಬಾಳೆಗೆ ಏನು ಬೆಲೆ, ನರಸೀಪುರದ ಯಾವ ಬಸ್ಸು ಕೆಟ್ಟು ನಿಂತಿದೆ, ನಡುನಡುವೆ ಎರಡು ಹಾಡು. ನಮ್ಮ ಎರಡು ತಾಲ್ಲೂಕಿನ ಸಣ್ಣಪುಟ್ಟ ಸುದ್ದಿಗೂ ಆಕಾಶದಲ್ಲಿ ಜಾಗವಿದೆ ಎಂದು ತೋರಿಸಿಕೊಟ್ಟವಳು ಅವಳು. ಹೆಂಡತಿಯನ್ನು ಹೊಗಳುವುದು ಸಂಪ್ರದಾಯವಲ್ಲ, ಗೊತ್ತು. ಸಂಪ್ರದಾಯ ಸ್ವಲ್ಪ ಹೊತ್ತು ಪಕ್ಕಕ್ಕೆ ನಿಲ್ಲಲಿ.

ಹೀಗಿರುವಾಗ ಆ ಎಫ್‌ಎಂ ಕೇಂದ್ರದವರು ಒಂದು ಸರ್ವೆ ಮಾಡಿಸಿದರು. ನಂಜನಗೂಡು, ನರಸೀಪುರದ ಕಡೆ ಮನೆಮನೆಗೆ ಹೋಗಿ, ‘ನೀವು ರೇಡಿಯೋ ಕೇಳುತ್ತೀರಾ?’ ಎಂದು ವಿಚಾರಿಸಿದರು. ಹೆಚ್ಚುಕಡಿಮೆ ಎಲ್ಲರದೂ ಒಂದೇ ಉತ್ತರ: ಇಲ್ಲ. ಯಾರೂ ಕೇಳದ ಕಾರ್ಯಕ್ರಮ ಯಾಕೆ, ಅದರ ಬದಲು ಬೆಂಗಳೂರಿನಿಂದಲೇ ಬೆಳಗಿನ ಕಾರ್ಯಕ್ರಮ ಕಳಿಸುತ್ತೇವೆ ಎಂದರು ಮೇಲಿನವರು. ನಾಗರತ್ನ ಮನೆಗೆ ಬಂದು, “ಹೋದ್ರೆ ಹೋಯ್ತು ಬಿಡಿ” ಎಂದಳು. ಆಮೇಲೆ ಅಡುಗೆಮನೆಯ ರೇಡಿಯೋ ಆಫ್ ಮಾಡಿದಳು. ಮದುವೆಯಾದಾಗಿನಿಂದ ಅವಳು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಆ ಭಾನುವಾರ ಕೇಂದ್ರದ ಮ್ಯಾನೇಜರು ಜಾಹೀರಾತಿನ ಕೆಲಸಕ್ಕೆ ನರಸೀಪುರಕ್ಕೆ ಹೊರಟಿದ್ದರು. ಬೆಂಗಳೂರಿನಿಂದ ಬಂದ ಸಂಭಾವಿತ ಯುವಕ. ದಾರಿ ತೋರಿಸಲು ನನ್ನನ್ನೂ ಕರೆದರು. “ನನ್ನ ಕೆಲಸದ ಮಾತು ಮಾತ್ರ ಎತ್ತಬೇಡಿ ರೀ” ಎಂದು ನಾಗರತ್ನ ಮೊದಲೇ ನನ್ನ ಬಾಯಿಗೆ ಬೀಗ ಹಾಕಿದ್ದಳು. ನಾನು ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳ ವಿಷಯ ಮಾತಾಡಿದೆ.

ನರಸೀಪುರದ ಹತ್ತಿರದ ಸೋಸಲೆಯಲ್ಲಿ ಟೀ ಕುಡಿಯಲು ಇಳಿದೆವು. ಅಂಗಡಿಯ ಹೆಂಗಸು ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಪಕ್ಕದಲ್ಲೇ ರೇಡಿಯೋ ಹಾಡುತ್ತಿತ್ತು, ಅದೂ ಇವರದೇ ಕೇಂದ್ರ. ಮ್ಯಾನೇಜರು ಖುಷಿಯಿಂದ ಕೇಳಿದರು, “ರೇಡಿಯೋ ಕೇಳ್ತೀರಾ ಅಮ್ಮಾ?”

“ಇಲ್ಲ ಕಣಪ್ಪ. ರೇಡಿಯೋ ಕೇಳ್ಕಂಡು ಕೂತ್ಕಂಡ್ರೆ ಗೇಯೋರ್ ಯಾರು? ಅದ್ರ ಪಾಡಿಗೆ ಅದು ಮಾತಾಡ್ಕತದೆ.”

ಮ್ಯಾನೇಜರು ನನ್ನ ಮುಖ ನೋಡಿದರು. ನನಗೆ ತಟ್ಟನೆ ಎಲ್ಲ ತಿಳಿಯಿತು. ನವವಿಧ ಭಕ್ತಿಯಲ್ಲಿ ಶ್ರವಣವೇ ಮೊದಲನೆಯದು ಎನ್ನುತ್ತಾರೆ. ಆದರೆ ಹರಿಕಥೆಗೆ ಹೋದರೂ ನಮ್ಮ ಹೆಂಗಸರು ಹೂಬತ್ತಿ ಹೊಸೆಯುತ್ತಲೇ ಕೂರುವವರು. ಸುಮ್ಮನೆ ಕೂತು ಕೇಳುತ್ತೇವೆಂದು ಗುರುತಿಲ್ಲದವರ ಮುಂದೆ ಒಪ್ಪಿಕೊಂಡರೆ ಸೋಮಾರಿಗಳೆಂದು ಒಪ್ಪಿಕೊಂಡಂತೆಯೇ. ಎರಡು ತಾಲ್ಲೂಕಿನ ಮಾನದ ಪ್ರಶ್ನೆ ಅದು! ಇದನ್ನು ಹೇಗೆ ವಿವರಿಸಲಿ ಎಂದು ತಡಕಾಡುತ್ತಿರುವಾಗ ಆ ತಾಯಿ ಟೀ ಸೋಸುತ್ತಲೇ ವಿಚಾರಿಸಿದಳು.

“ಮೈಸೂರ್ ಕಡೆಯೋರಾ? ಆ ಬೆಳಿಗ್ಗೆ ಮಾತಾಡ್ತದಲ್ಲ, ನಾಗರತ್ನಮ್ಮ, ಗೊತ್ತಾ ನಿಮ್ಗೆ? ಪಾಪ, ಗಂಟ್ಲು ಕಟ್ಕಂಡದೆ ಕಣಪ್ಪ. ನೆನ್ನೆ ಒಳೆ ನೀರಿನ್ ಸುದ್ದಿ ಏಳ್ವಾಗ ಎರಡ್ಸತಿ ಕೆಮ್ತು. ಆಲಿಗೆ ಮೆಣಸು ಕುಟ್ಟಾಕಿ ಕುಡಿಯಕ್ಕೇಳಿ.”

“ನೀವು ಕೇಳಲ್ಲ ಅಂದ್ರಲ್ಲ ಅಮ್ಮಾ?” ಎಂದರು ಮ್ಯಾನೇಜರು.

“ನಾನೆಲ್ ಕೇಳನಪ್ಪ? ಅವ್ಳ್ ಕೆಲ್ಸ ಅವ್ಳ್ ಮಾಡ್ತಳೆ, ನನ್ ಕೆಲ್ಸ ನಾನ್ ಮಾಡ್ತಿನಿ.”

ಟೀ ಮುಗಿಸಿ ಕಾರು ಹತ್ತಿದೆವು. ನಾನು ಕೊಟ್ಟ ಮಾತಿನಂತೆ ಬಾಯಿ ಬಿಗಿಹಿಡಿದು ಕೂತಿದ್ದೆ. ಎದೆ ಮಾತ್ರ ಸೀಟಿನಲ್ಲಿ ಹಿಡಿಸುತ್ತಿರಲಿಲ್ಲ. ಮನೆಗೆ ಬಂದು ಎಲ್ಲ ಹೇಳಿದೆ. ನಾಗರತ್ನ ಎದ್ದು ಹೋಗಿ ಮೆಣಸು ಕುಟ್ಟಿದಳು.

ಮಾರನೆಯ ಬೆಳಿಗ್ಗೆ ಹೊಳೆ ನೀರಿನ ಸುದ್ದಿಯ ನಡುವೆ, “ಸೋಸಲೆಯ ಅಮ್ಮನಿಗೆ ಒಂದು ಮಾತು. ಮೆಣಸಿನ ಹಾಲು ಕುಡಿದೆ, ಗಂಟಲು ಬಿಟ್ಟಿದೆ” ಎಂದಳು. ಮಧ್ಯಾಹ್ನ ನರಸೀಪುರದ ಬಸ್ಸಿನ ಕಂಡಕ್ಟರು ಮೂರು ಮಹಡಿ ಹತ್ತಿಕೊಂಡು ಬಂದು, ನ್ಯೂಸ್‌ಪೇಪರಿನಲ್ಲಿ ಕಟ್ಟಿದ ಒಂದು ಪೊಟ್ಟಣವನ್ನು ಮ್ಯಾನೇಜರ ಕೈಗಿತ್ತನಂತೆ. “ಸೋಸಲೆಯಿಂದ ಕಳ್ಸವ್ರೆ ಸಾ. ಮೆಣಸು. ಒಂದಿನ ಕುಡುದ್ರೆ ಸಾಲ್ದಂತೆ, ಮೂರ್ ದಿನ ಕುಡೀಬೇಕಂತೆ.”

ಮ್ಯಾನೇಜರು ಪೊಟ್ಟಣ ಹಿಡಿದುಕೊಂಡೇ ಬೆಂಗಳೂರಿಗೆ ಫೋನು ಮಾಡಿದರು. ನಾಗರತ್ನ ಪಕ್ಕದಲ್ಲೇ ಇದ್ದಳು. ಅವರು ಹೇಳಿದ್ದು ಇಷ್ಟೇ: “ಸಾರ್, ಬೆಳಗಿನ ಪ್ರೋಗ್ರಾಮು ಇಲ್ಲೇ ಇರ್ಲಿ. ನಮ್ಮನ್ನ ಕೇಳೋದೇ ಇಲ್ಲ ಅಂತ ಬರ್ಕೊಂಡಿದ್ದೀವಲ್ಲ, ಆ ಜನ ಔಷಧಿ ಕಳ್ಸಿದ್ದಾರೆ.”