ಮಿಸ್ ಪಾಸಾದ ಪರೀಕ್ಷೆ

ಇವತ್ತು ಬೆಳಿಗ್ಗೆ ಕೆಳಗಿನ ಮನೆಯಿಂದ ಬೆಳ್ಳುಳ್ಳಿ ಎಣ್ಣೆ ಕಾಯಿಸುವ ವಾಸನೆ ಬಂತು. ಒಗ್ಗರಣೆಯ ವಾಸನೆಯಲ್ಲ. ಒಗ್ಗರಣೆಯಾದರೆ ಸಾಸಿವೆ ಸಿಡಿಯಬೇಕು, ಕರಿಬೇವು ಬೀಳಬೇಕು. ಇದು ಬರೀ ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಎಸಳು ಸಣ್ಣ ಉರಿಯಲ್ಲಿ ಕೆಂಪಗಾಗುವ ವಾಸನೆ. ಹೊಸದಾಗಿ ಬಾಡಿಗೆಗೆ ಬಂದವರ ಮಗುವಿಗೆ ಕಿವಿನೋವಿರಬೇಕು. ನಾನು ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಹಾಗೇ ನಿಂತುಬಿಟ್ಟೆ. ಎಷ್ಟೋ ವರ್ಷ ಅದೇ ಮನೆಯಿಂದ ಅದೇ ವಾಸನೆ ಬರುತ್ತಿತ್ತು. ಆಗ ಅಲ್ಲಿ ಮಿಸ್ ಇದ್ದರು...

ವಿಜಯನಗರದ ನಮ್ಮ ಅಡ್ಡರಸ್ತೆಯಲ್ಲಿ ಅವರನ್ನು ಎಲ್ಲರೂ ಮಿಸ್ ಎಂದೇ ಕರೆಯುತ್ತಿದ್ದರು. ಮಾರ್ಕೆಟ್ಟಿನ ಹಿಂದೆ ಇದ್ದ ಸಣ್ಣ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಹೇಳಿಕೊಡುತ್ತಿದ್ದರು. ನಾನೂ ಅವರ ಕೈಕೆಳಗೆ ಕಲಿತವಳೇ. ಮದುವೆಯಾಗಿರಲಿಲ್ಲ. ತಾಯಿ ಇರುವತನಕ ತಾಯಿಯ ಜೊತೆ, ಆಮೇಲೆ ಒಬ್ಬರೇ. ಗಂಜಿ ಹಾಕಿದ ಕಾಟನ್ ಸೀರೆ, ಎಳೆದು ಕಟ್ಟಿದ ಜಡೆ, ಎರಡು ಬೀದಿ ಆಚೆಗೂ ಕೇಳುವಂಥ ಗಟ್ಟಿ ಗಂಟಲು. ತರಗತಿಯಲ್ಲಿ ಯಾರಾದರೂ ಎಲ್ಲೋ ನೋಡಿಕೊಂಡು ಪದ್ಯ ಒಪ್ಪಿಸಿದರೆ ಗಲ್ಲ ಹಿಡಿದು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. "ಗೋಡೆಗೆ ಹೇಳ್ತಾ ಇದೀಯಾ? ನನ್ನ ಮುಖ ನೋಡ್ಕೊಂಡು ಹೇಳು" ಎನ್ನುತ್ತಿದ್ದರು. ಅದನ್ನು ನಾವು ಶಿಸ್ತು ಎಂದುಕೊಂಡಿದ್ದೆವು. ನಮ್ಮ ತುಟಿ ನೋಡದೆ ಅವರಿಗೆ ನಾವು ಹೇಳಿದ್ದು ತಿಳಿಯುತ್ತಿರಲಿಲ್ಲ ಎಂಬುದು ಆ ವಯಸ್ಸಿನಲ್ಲಿ ಯಾರಿಗೆ ಹೊಳೆಯಬೇಕು...

ನಡುವಯಸ್ಸಿಗೆ ಬರುವ ಮುಂಚೆ ಒಂದು ಕೆಟ್ಟ ಜ್ವರ ಬಂದು ಹೋಗಿತ್ತಂತೆ. ಅಲ್ಲಿಂದ ಕಿವಿ ಮಂದವಾಗುತ್ತಾ ಬಂತು. ದಿನಾ ಬೆಳಿಗ್ಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡು ಹತ್ತಿ ಇಟ್ಟುಕೊಳ್ಳುವರು. ಯಾರಾದರೂ ಕೇಳಿದರೆ "ಶೀತ" ಎನ್ನುವರು. ಶಾಲೆ ಕೈ ಬದಲಾಗಿ ಹೊಸಬರು ಬಂದಾಗ ಪೋಷಕರ ಜೊತೆ ಫೋನಿನಲ್ಲಿ ಮಾತಾಡುವ ಕೆಲಸವನ್ನೂ ಟೀಚರುಗಳಿಗೇ ಹಚ್ಚಿದರು. ಮಿಸ್ ಆ ವರ್ಷವೇ ಕೆಲಸ ಬಿಟ್ಟರು. ಬಿಡಿಸಿದರೋ, ಅವರೇ ಬಿಟ್ಟರೋ, ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಮನೆಯಲ್ಲೇ ಸಂಜೆ ಪಾಠ ಶುರು ಮಾಡಿದರು.

ಅವರಿಗೆ ಕೇಳುವುದಿಲ್ಲ ಎಂಬುದು ಅಷ್ಟು ಹೊತ್ತಿಗೆ ಇಡೀ ಬೀದಿಗೆ ಗೊತ್ತಿತ್ತು. ಸೊಪ್ಪು ಮಾರುವವಳು ಬೇರೆ ಮನೆಗಳ ಮುಂದೆ ಕೂಗಿಕೊಂಡು ಹೋದರೆ, ಮಿಸ್ ಮನೆಯ ಕಿಟಕಿಯ ಹತ್ತಿರ ಮಾತ್ರ ನಿಂತು ದಂಟಿನ ಕಟ್ಟು ಎತ್ತಿ ಅಲ್ಲಾಡಿಸುತ್ತಿದ್ದಳು. ಕೊರಿಯರ್‌ನವರನ್ನು ಎದುರು ಮನೆಯ ಆಂಟಿ ತಾವೇ ಕರೆದುಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ನಾನು ಯಾವಾಗಲೂ ಅವರ ಎದುರಿಗೆ ಬಂದೇ ಮಾತು ಶುರು ಮಾಡುತ್ತಿದ್ದೆ. ಆದರೆ ಅದರ ಬಗ್ಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅದು ಅವರಿಗೆ ನಾವು ಕೊಡುವ ಮರ್ಯಾದೆ ಎಂದುಕೊಂಡಿದ್ದೆವು.

ಪಾಠಕ್ಕೆ ಬರುವ ಮಕ್ಕಳು ಕಡಿಮೆಯಾಗುತ್ತಿದ್ದ ಕಾಲದಲ್ಲಿ ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ಒಂದು ಸರ್ಕಾರಿ ಪ್ರಕಟಣೆ ಅಂಟಿಸಿದ್ದರು. ಶೇಕಡಾ ನಲವತ್ತು ಅಥವಾ ಅದಕ್ಕೂ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ, ಆದಾಯ ಇಂತಿಷ್ಟರ ಒಳಗಿದ್ದರೆ, ತಿಂಗಳಿಗೆ ಮಾಸಾಶನ. ಶ್ರವಣದೋಷ ಇರುವವರಿಗೆ ಕಿವಿಯ ಯಂತ್ರವೂ ಸಿಗುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಗುರುತಿನ ಚೀಟಿ ಪಡೆಯಬೇಕು. ನಾನು ಅದನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ ತೋರಿಸಿದೆ. ಮಿಸ್ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಓದಿ, ಒಂದು ಕಾಗುಣಿತದ ತಪ್ಪು ತೋರಿಸಿ ಫೋನು ವಾಪಸ್ಸು ಕೊಟ್ಟರು.

"ಇದು ಪಾಪ, ಕಿವುಡರಿಗೆ ಕಣೇ. ನನಗೆ ಸ್ವಲ್ಪ ಮಂದ ಅಷ್ಟೇ."

"ಮೆಷಿನ್ ಸಿಗುತ್ತೆ ಮಿಸ್. ಪಾಠಕ್ಕೆ ಅನುಕೂಲ ಆಗುತ್ತೆ."

ಪಾಠ ಎಂದದ್ದಕ್ಕೇ ಒಪ್ಪಿದರೇನೋ. ಒಂದು ವಾರ ಸುಮ್ಮನಿದ್ದು, "ಬರೀ ಮೆಷಿನ್ನಿಗೆ ಬರ್ತೀನಿ, ಆ ಮಾಸಾಶನ ಎಲ್ಲ ಬೇಡ" ಎಂದರು. ನಾನು ಕೆಲಸ ಮಾಡುವ ರಾಜಾಜಿನಗರದ ಕಾರ್ಖಾನೆಯ ಆಫೀಸಿಗೆ ರಜೆ ಹಾಕಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವತ್ತು ಮಿಸ್ ಮದುವೆ ಮನೆಗೆ ಉಡುವ ಸೀರೆ ಉಟ್ಟಿದ್ದರು.

ಕಿವಿ ಪರೀಕ್ಷೆಗೆ ಗಾಜಿನ ಕಿಟಕಿ ಇರುವ ಪುಟ್ಟ ಕೋಣೆ. ಒಳಗೆ ಮಿಸ್ ಹೆಡ್‌ಫೋನ್ ಹಾಕಿಕೊಂಡು ಕುಳಿತರು. ಗಾಜಿನ ಈಚೆ ಯಂತ್ರದ ಮುಂದೆ ಒಬ್ಬ ಹುಡುಗಿ, ಪರೀಕ್ಷೆ ಮಾಡುವವಳು. ಅವಳ ಪಕ್ಕದ ಸ್ಟೂಲಿನಲ್ಲಿ ನಾನು. "ಅಮ್ಮಾ, ಎಷ್ಟೇ ಸಣ್ಣಗೆ ಶಬ್ದ ಕೇಳಿದ್ರೂ ಈ ಗುಂಡಿ ಒತ್ತಿ" ಎಂದು ಅವಳು ಹೇಳಿದ್ದಳು. ಮಿಸ್ ಒತ್ತಿದರು. ಮತ್ತೆ ಒತ್ತಿದರು. ಎಲ್ಲೂ ತಡವರಿಸಲಿಲ್ಲ. ನನಗೆ ಆಶ್ಚರ್ಯವಾಗಿ ಅವರ ಮುಖ ನೋಡಿದೆ. ಅವರ ಕಣ್ಣು ಗಾಜಿನ ಮೂಲಕ ಆ ಹುಡುಗಿಯ ಮುಖದ ಮೇಲೇ ನೆಟ್ಟಿತ್ತು. ಶಬ್ದ ಬಿಡುವಾಗ ಅವಳು ತನಗೇ ಗೊತ್ತಿಲ್ಲದೆ ಗಲ್ಲವನ್ನು ತುಸು ಕೆಳಗೆ ತರುತ್ತಿದ್ದಳು. ಗಲ್ಲ ಇಳಿದಾಗಲೆಲ್ಲ ಮಿಸ್‌ನ ಹೆಬ್ಬೆರಳು ಗುಂಡಿ ಒತ್ತುತ್ತಿತ್ತು. ಮಕ್ಕಳ ಮುಖ ನೋಡಿಯೇ ಅವರ ಹೊಟ್ಟೆಯೊಳಗಿನ ಮಾತು ಓದುತ್ತಿದ್ದವರಿಗೆ ಇದು ಯಾವ ಲೆಕ್ಕ...

ಹುಡುಗಿ ದಡ್ಡಿಯಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ಮೇಡಂ, ಇದು ನಲವತ್ತಕ್ಕೆ ಬರಲ್ಲ. ಕಾರ್ಡ್ ಆಗಲ್ಲ. ಆದರೆ ನಾನು ಆಗಲೇ ಹಿಂದಿನಿಂದ ಕರೆದಾಗ ಇವರು ತಿರುಗಲೇ ಇಲ್ಲ. ಏನೋ ತಾಳೆ ಆಗ್ತಿಲ್ಲ. ಇನ್ನೊಂದು ಟೆಸ್ಟ್ ಇದೆ, ತಲೆಗೆ ವೈರ್ ಅಂಟಿಸಿ ನೋಡ್ತೀವಿ. ಅದರಲ್ಲಿ ಅವರು ಏನೂ ಒತ್ತಬೇಕಾಗಿಲ್ಲ. ಡೇಟ್ ಕೊಡ್ತೀನಿ, ಖಂಡಿತ ಕರ್ಕೊಂಡ್ ಬನ್ನಿ" ಎಂದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಿಸ್ ಕಿಟಕಿಯ ಪಕ್ಕ ಕುಳಿತಿದ್ದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಅಷ್ಟು ಸಂತೋಷವಾಗಿ ಅವರು ಇದ್ದದ್ದನ್ನು ನಾನು ತುಂಬಾ ದಿನದಿಂದ ನೋಡಿರಲಿಲ್ಲ. ನನ್ನ ಕೈ ಹಿಡಿದು, ಬಸ್ಸಿಗೆಲ್ಲ ಕೇಳುವ ಹಾಗೆ, "ನೋಡಿದ್ಯಾ? ಪಾಸಾದೆ!" ಎಂದರು.

ಮನೆಗೆ ಬಂದ ಮೇಲೆ ಅವರ ಎದುರು ಕುಳಿತು ನಿಧಾನವಾಗಿ ಹೇಳಿದೆ. ಈ ಪರೀಕ್ಷೆಯಲ್ಲಿ ಪಾಸಾದರೆ ಏನೂ ಸಿಗುವುದಿಲ್ಲ, ಕೇಳಿದ್ದಕ್ಕೆ ಮಾತ್ರ ಒತ್ತಬೇಕಿತ್ತು ಎಂದೆ. ಮಿಸ್‌ನ ಮುಖ ಬಿಗಿಯಿತು.

"ಜೀವಮಾನದಲ್ಲಿ ಬೇಕೂಂತ ತಪ್ಪು ಉತ್ತರ ಬರೆದವಳಲ್ಲ ನಾನು. ಸರ್ಕಾರದ ದುಡ್ಡಿಗೆ ಕಿವುಡಿ ವೇಷ ಹಾಕ್ಲಾ?"

"ವೇಷ ಅಲ್ಲ ಮಿಸ್..."

"ಎದ್ದು ಹೋಗೇ ನೀನು."

ಎರಡನೆಯ ಪರೀಕ್ಷೆಯ ದಿನ ಬಂದು ಹೋಯಿತು. ನಾನು ನೆನಪಿಸಲು ಹೋದರೆ ಬಾಗಿಲಿಗೆ ಬೀಗ ಹಾಕಿತ್ತು. ಆಮೇಲೆ ಮತ್ತೆ ಮಾತಾಡಿದೆವು, ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ತಂದೆವು. ಕಿವಿಯ ಮಾತು ಮಾತ್ರ ಎತ್ತಲಿಲ್ಲ. ಹೀಗೆ ಮೂರು ನಾಲ್ಕು ವರ್ಷವೇ ಕಳೆದಿರಬೇಕು.

ಆಮೇಲೆ ಒಂದು ಸಂಜೆ ಪಾಠ ಮುಗಿದು ಉಳಿದ ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಒಂದು ಪುಟ್ಟ ಹುಡುಗಿ ಮಾತ್ರ ಅಮ್ಮ ಬರಲೆಂದು ಕಾಯುತ್ತಿದ್ದಳು. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡವಳಿಗೆ ತೆಗೆಯಲು ಬರಲಿಲ್ಲ. ಒಳಗಿನಿಂದ ಕಿರುಚಿದಳು, ಬಾಗಿಲು ಬಡಿದಳು. ಮಿಸ್ ಹತ್ತು ಹೆಜ್ಜೆ ಆಚೆ ಬಾಗಿಲಿಗೆ ಬೆನ್ನು ಹಾಕಿ ಕುಳಿತು ಕಾಪಿ ತಿದ್ದುತ್ತಿದ್ದರು. ನಾನು ಆಗಷ್ಟೇ ಕೆಲಸದಿಂದ ಬಂದು ಗೇಟು ತೆಗೆಯುತ್ತಿದ್ದೆ. ಮಗುವಿನ ತಾಯಿಯೂ ಅದೇ ಹೊತ್ತಿಗೆ ಬಂದರು. ಗೇಟಿಗೇ ಕೂಗು ಕೇಳಿತು. ಇಬ್ಬರೂ ಓಡಿದೆವು. ಬಾಗಿಲು ಒದ್ದು ತೆಗೆದಾಗ ಮಗು ಬೆವತು, ದನಿ ಉಡುಗಿ, ಬಕೆಟ್ಟಿನ ಪಕ್ಕ ಕುಳಿತಿತ್ತು. ಗಾಯ ಏನೂ ಆಗಿರಲಿಲ್ಲ, ಹೆದರಿಕೆ ಅಷ್ಟೇ.

ಮಿಸ್ ಪೆನ್ನು ಹಿಡಿದುಕೊಂಡೇ ಎದ್ದು ನಿಂತಿದ್ದರು. ತಾಯಿ ಮಗುವನ್ನು ಎತ್ತಿಕೊಂಡು ಅವರ ಎದುರಿಗೆ ಬಂದರು. "ಇಷ್ಟು ಕಿರುಚ್ತಾ ಇದಾಳೆ, ನಿಮಗೆ ಕೇಳಿಸ್ಲಿಲ್ವಾ ಮಿಸ್?" ಎಂದರು. ಬೈಗುಳವಲ್ಲ, ನಿಜವಾಗಿಯೂ ಕೇಳಿದ ಪ್ರಶ್ನೆ. ಮಿಸ್ ಆ ತುಟಿಗಳನ್ನು ನೋಡುತ್ತಾ ನಿಂತರು.

ಮಾರನೆಯ ದಿನ ಪಾಠಕ್ಕೆ ಯಾರೂ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಆ ವಾರದ ಕೊನೆಗೆ ಮಿಸ್ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು. ಅಷ್ಟು ವರ್ಷದಲ್ಲಿ ಅವರು ಮೇಲೆ ಬಂದದ್ದೇ ಅಪರೂಪ. ಕುಳಿತುಕೊಳ್ಳಲಿಲ್ಲ.

"ನನಗೆ ಕೇಳಲ್ಲ ಕಣೇ" ಎಂದರು. "ಮಂದ ಅಲ್ಲ. ಏನೂ ಕೇಳಲ್ಲ."

ನಾನು ತಲೆಯಾಡಿಸಿದೆ.

"ನಿನಗೆ ಗೊತ್ತಿತ್ತು. ಎಲ್ರಿಗೂ ಗೊತ್ತಿತ್ತಾ?"

"ಹೂಂ ಮಿಸ್."

"ಸೊಪ್ಪಿನವಳಿಗೂ?"

"ಹೂಂ."

ಅವರು ನನ್ನ ಮುಖವನ್ನೇ ನೋಡಿದರು. "ಮತ್ತೆ ಇಷ್ಟು ವರ್ಷ ಒಬ್ರೂ ಯಾಕೆ ಹೇಳ್ಲಿಲ್ಲ?" ಎಂದರು. ನಿಮಗೆ ಬೇಜಾರಾಗುತ್ತದೆ ಎಂದು, ಎನ್ನಲು ಹೋದೆ.

ಈ ಸಲ ಆಸ್ಪತ್ರೆಯಲ್ಲಿ ತಲೆಗೆ ವೈರು ಅಂಟಿಸಿಕೊಂಡು ಮಿಸ್ ಕಣ್ಣು ಮುಚ್ಚಿ ಮಲಗಿದರು. ಯಾರ ಮುಖವನ್ನೂ ನೋಡುವ ಅಗತ್ಯವಿರಲಿಲ್ಲ. ನಲವತ್ತಲ್ಲ, ಅದಕ್ಕಿಂತ ಬಹಳ ಮೇಲೆ ಬಂತು. ಗುರುತಿನ ಚೀಟಿಯಾಯಿತು. ಆದಾಯ ಪ್ರಮಾಣಪತ್ರಕ್ಕೆ, ಬ್ಯಾಂಕಿಗೆ, ನಾಡಕಚೇರಿಗೆ ಅಲೆದು ಮಾಸಾಶನವೂ ಮಂಜೂರಾಯಿತು. ಬೇಡ ಎಂದು ಅವರು ಹೇಳಲಿಲ್ಲ. ಪಾಠವೇ ನಿಂತಿತ್ತಲ್ಲ. ಯಂತ್ರ ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು.

ಆಸ್ಪತ್ರೆಯಲ್ಲಿ ಅದನ್ನು ಕಿವಿಗೆ ಕೂರಿಸಿದ ದಿನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಮಿಸ್ ಬೆಚ್ಚಿ ತಲೆಯೆತ್ತಿದರು. ಹೊರಗಿನ ಬಸ್ಸಿನ ಹಾರನ್ ಕೇಳಿ ನಕ್ಕರು. ನಾನು ಖುಷಿಯಿಂದ ಅವರ ಬೆನ್ನ ಹಿಂದೆ ಹೋಗಿ, "ಮಿಸ್, ನಾನು ಹೇಳೋದು ಕೇಳಿಸ್ತಾ?" ಎಂದೆ. ತಿರುಗಿದರು. ಶಬ್ದ ತಲುಪಿತ್ತು. "ಏನೋ ಅಂದೆ. ಏನು ಅಂತ ಗೊತ್ತಾಗ್ಲಿಲ್ಲ" ಎಂದರು. ಮತ್ತೆ ಹೇಳಿದೆ. ಜೋರಾಗಿ ಹೇಳಿದೆ. ಇಲ್ಲ. ಗಲಾಟೆ ಕೇಳುತ್ತದೆ, ಮಾತು ಬಿಡಿಸಿ ತಿಳಿಯುವುದಿಲ್ಲ. ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, ವರ್ಷಗಟ್ಟಲೆ ಮಾತು ಕೇಳದೆ ಇದ್ದರೆ ಮಿದುಳಿಗೆ ಅದರ ರೂಢಿ ತಪ್ಪುತ್ತದೆ ಎಂದರು. "ಸ್ವಲ್ಪ ಮುಂಚೆ ಬಂದಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಎಂದರು. ಮಿಸ್ ದೂರದಿಂದ ಅವರ ತುಟಿ ನೋಡುತ್ತಿದ್ದರು. ಅದು ಅವರಿಗೆ ಪೂರ್ತಿ ತಿಳಿಯಿತು.

ಒಂದಷ್ಟು ದಿನ ಛಲದಿಂದ ಹಾಕಿಕೊಂಡರು. ನಂತರ ಕುಕ್ಕರ್ ಕೂಗಿದ್ದು ತಿಳಿಯಲೆಂದು ಅಡುಗೆಯ ಹೊತ್ತಿಗೆ ಮಾತ್ರ. ಮಕ್ಕಳು ಮತ್ತೆ ಬರಲಿಲ್ಲ. ಕೆಂಗೇರಿಯಲ್ಲಿದ್ದ ಅವರ ತಂಗಿ ಬಂದು, ಒಬ್ಬಳೇ ಇರುವುದು ಬೇಡ ಎಂದು ಕರೆದುಕೊಂಡು ಹೋದರು. ನಾನು ಎರಡು ಮೂರು ಸಲ ಹೋಗಿ ನೋಡಿ ಬಂದೆ. ಹೋದಾಗಲೆಲ್ಲ ಬಾಗಿಲಲ್ಲೇ ಗಲ್ಲ ಹಿಡಿದು, "ಎಲ್ಲಿ, ಬೆಳಕಿಗೆ ಬಾ, ಮುಖ ಕಾಣಲಿ" ಎನ್ನುತ್ತಿದ್ದರು. ಹೋದ ಚಳಿಗಾಲದಲ್ಲಿ ತೀರಿಕೊಂಡರಂತೆ. ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಅರ್ಜಿಯಲ್ಲಿ ಅವರು ಸಂಪರ್ಕಕ್ಕೆ ನನ್ನ ನಂಬರ್ ಕೊಟ್ಟಿದ್ದರು. ಫೋನಿನಲ್ಲಿ ಅವರಿಗೆ ಮಾತಾಡಲಾಗುತ್ತಿರಲಿಲ್ಲವಲ್ಲ. ಹೋದ ತಿಂಗಳು ವಿಜಯನಗರದ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಒಂದು ಕರೆ ಬಂತು. ನಾಡಕಚೇರಿಯಿಂದ. ಮಾಸಾಶನ ಪಡೆಯುವವರು ಬದುಕಿದ್ದಾರೆಯೇ ಎಂದು ವರ್ಷಕ್ಕೊಮ್ಮೆ ಪರಿಶೀಲಿಸಬೇಕಂತೆ. ಆ ಕಡೆಯ ಗಂಡಸು ಮಿಸ್‌ನ ಪೂರ್ತಿ ಹೆಸರು ಹೇಳಿ, "ಇದಾರಾ ಮೇಡಂ?" ಎಂದು ಕೇಳಿದರು.

"ಇಲ್ಲ ಸಾರ್" ಎಂದೆ.

"ಊರಿಗೆ ಹೋಗಿದಾರಾ?"

"ಇಲ್ಲ... ತೀರಿಕೊಂಡ್ರು."

"ಹಲೋ? ಸ್ವಲ್ಪ ಜೋರಾಗಿ ಹೇಳಿ ಮೇಡಂ, ಏನೂ ಕೇಳಿಸ್ತಾ ಇಲ್ಲ."

ಬಸ್ಸುಗಳು ಒಂದರ ಹಿಂದೆ ಒಂದು ನುಗ್ಗುತ್ತಿದ್ದವು. ನಾನು ಒಂದು ಕಿವಿ ಮುಚ್ಚಿಕೊಂಡು, ಇದ್ದ ಉಸಿರನ್ನೆಲ್ಲ ಒಟ್ಟು ಮಾಡಿ, ನಮ್ಮ ಮಿಸ್ ಇಲ್ಲ, ತೀರಿಹೋದರು ಎಂದು ಕೂಗಿ ಹೇಳಿದೆ. ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನನ್ನ ಮುಖ ನೋಡಿದರು.