ಕಲ್ಯಾಣಿಯ ಕ್ಷೇಮಸಮಾಚಾರ

ಅಂಬಾಜಿದುರ್ಗದ ಬುಡದ ಹಳ್ಳಿಯವನಾದ ಗಂಗರಾಜು ಬೋರ್‌ವೆಲ್ ಲಾರಿಯಲ್ಲಿ ಡ್ರಿಲ್ಲರ್ ಆಗಿದ್ದ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆ ಅವನು ಹೋಗದ ಊರು ಕಡಿಮೆ. ಕಲ್ಲು ಕೊರೆಯುವ ಸದ್ದಿನಲ್ಲೇ ಅರ್ಧ ಆಯಸ್ಸು ಕಳೆದಿದ್ದರಿಂದ ಅವನಿಗೆ ಮಾತಿನ ರೂಢಿಯೇ ತಪ್ಪಿಹೋಗಿತ್ತು. ಇದ್ದ ಅಷ್ಟಿಷ್ಟು ಮಾತು ಹೆಂಡತಿ ಕಲ್ಯಾಣಿಯ ಜೊತೆಗೆ. ಅವಳೂ ಒಂದು ದಿನ ಹೊರಟುಹೋದಳು. ಗಂಗರಾಜು ಗೌರಿಬಿದನೂರಿನ ಆಚೆ ಕೆಲಸದಲ್ಲಿದ್ದಾಗ ಜ್ವರ ಅಂತ ಸುದ್ದಿ ಬಂತು. ಅವನು ಬಂದು ಸೇರುವಷ್ಟರಲ್ಲಿ ಕಾಮಾಲೆಗೆ ತಿರುಗಿ, ಕಣ್ಣು ಬಿಡುವ ಸ್ಥಿತಿಯೂ ಇರಲಿಲ್ಲ. ಮಕ್ಕಳಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಊರಿನಲ್ಲಿ ಯಾರೂ ಅವನೆದುರು ಆ ಹೆಸರು ಎತ್ತಲಿಲ್ಲ. ಅಕ್ಕ ರಾಮಲಕ್ಷ್ಮಮ್ಮ ಸೀರೆ, ಬಳೆ ಎಲ್ಲ ತೆಗೆದು ಎಲ್ಲಿಗೋ ಸಾಗಿಸಿದಳು. ಗೋಡೆಯ ಮೇಲೆ ಬುದ್ಧನ ಪಟವೂ ಅಂಬೇಡ್ಕರರ ಪಟವೂ ಉಳಿದವು, ಕಲ್ಯಾಣಿಯ ಫೋಟೋ ಕೆಳಗಿಳಿಯಿತು. ಅವನು ಒಳಗೆ ಬಂದರೆ ಹೆಂಗಸರು ಮಾತು ಬದಲಿಸುತ್ತಿದ್ದರು. ಅವನಿಗೆ ನೋವಾಗಬಾರದು ಅಂತಲೇ ಎಲ್ಲರೂ ಹಾಗೆ ಮಾಡಿದ್ದು. ಆದರೆ ಅವನಿಗೆ, ಹಾಗೊಬ್ಬಳು ಇದ್ದದ್ದೇ ಸುಳ್ಳೇನೋ ಅನ್ನಿಸಲು ಶುರುವಾಯಿತು.

೨೦೦೫ರ ಕೊನೆಗೆ, ಲಾರಿಯ ಮಾಲೀಕ ಚೆನ್ನರಾಯಪ್ಪ ಒಂದು ಹಳೆಯ ಬೋರ್‌ವೆಲ್ ಲಾರಿಯನ್ನು ಹಡಗಿನಲ್ಲಿ ಆಫ್ರಿಕಾಕ್ಕೆ ಕಳಿಸಿದ. ಮೊಂಬಾಸಾದ ಉತ್ತರಕ್ಕಿರುವ ಸಮುದ್ರದಂಡೆಯ ಊರುಗಳಲ್ಲಿ ಕೊಳವೆಬಾವಿ ಕೊರೆಯುವ ಗುತ್ತಿಗೆ ಸಿಕ್ಕಿತ್ತು. "ಯಾರು ಹೋಗ್ತೀರಪ್ಪಾ?" ಅಂತ ಅವನು ಕೇಳಿದಾಗ, ಬೇರೆಯವರೆಲ್ಲ ಹೆಂಡಿರು ಮಕ್ಕಳನ್ನು ನೆನೆಸಿಕೊಂಡು ಹಿಂದೆ ಸರಿದರು. "ನಾನು ಹೋಗ್ತೀನಿ" ಅಂದವನು ಗಂಗರಾಜು. ಮೆಕ್ಯಾನಿಕ್ ನಲ್ಲಪ್ಪ ಜೊತೆಗೆ ಹೊರಟ.

ಅವರು ಹೋದ ಊರು ಪುಟ್ಟದು. ಹವಳದ ಕಲ್ಲಿನ ಬಿಳಿ ಗೋಡೆಗಳು, ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದ ಓಣಿಗಳು, ಹಿತ್ತಾಳೆ ಗುಬುಟು ಬಡಿದ ಕೆತ್ತನೆಯ ಬಾಗಿಲುಗಳು. ಕೆಲಸ ಮೊದಲ ವಾರದಲ್ಲೇ ಕೈಕೊಟ್ಟಿತು. ನಮ್ಮ ಕಡೆ ನೀರು ಸಿಗದಿದ್ದರೆ ಇನ್ನೂ ಕೆಳಗೆ ಹೋಗುವುದು ವಾಡಿಕೆ. ಅಲ್ಲಿ ಮರಳಿನಡಿ ಸಿಹಿನೀರು ತೆಳ್ಳಗೆ, ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸ್ವಲ್ಪ ಕೆಳಗಿಳಿದರೂ ಸಮುದ್ರವೇ ಮೇಲೆ ಬರುತ್ತದೆ. ಮೊದಲ ಬಾವಿಯ ನೀರನ್ನು ಬಾಯಿಗಿಟ್ಟ ನಲ್ಲಪ್ಪ ಥೂ ಎಂದು ಉಗಿದ. ಬಾವಿಯನ್ನು ಮುಚ್ಚಿದರು. ಮುಂದಿನ ಜಾಗ ಗೊತ್ತುಮಾಡುವಷ್ಟರಲ್ಲಿ ಕಂಪ್ರೆಸರ್ ಕೆಟ್ಟಿತು. ಅದರ ಬಿಡಿಭಾಗ ತರುವುದಕ್ಕೆ ಅಂತ ನಲ್ಲಪ್ಪ ಊರಿಗೆ ಹೊರಟ.

"ಲಾರಿ ಕಾಯ್ಕೊಂಡಿರು ಗಂಗಣ್ಣ, ಬೇಗ ಬಂದ್ಬಿಡ್ತೀನಿ" ಅಂದು ಹೋದವನು ತಿರುಗಿ ಬರಲೇ ಇಲ್ಲ.

ಗಂಗರಾಜು ಒಬ್ಬನೇ ಆದ. ಕನ್ನಡವಿರಲಿ, ತೆಲುಗಿನ ಒಂದು ಮಾತೂ ಕಿವಿಗೆ ಬೀಳದ ಊರು. ಲಾರಿ ನಿಂತಿದ್ದ ಬಯಲಿನ ಪಕ್ಕದ ಮನೆ ಬೀ ಜುಹುರಾ ಎಂಬ ಮುದುಕಿಯದು. ಬೀ ಅಂದರೆ ಅಲ್ಲಿ ದೊಡ್ಡ ಹೆಂಗಸರಿಗೆ ಕೊಡುವ ಮರ್ಯಾದೆ. ಅವನು ಲಾರಿಯಡಿ ಮಲಗುವುದನ್ನು ನೋಡಿ ಅವಳೇ ಹೊರಗಿನ ಕೋಣೆ ತೆರೆಸಿದಳು. ಕೈಗೊಂದು ಬಿಲ್ಲೆ ಇಟ್ಟು "ಸಬುನಿ" ಅಂದಳು. ಸಾಬೂನು! ಗಂಗರಾಜು ಬೆಪ್ಪಾದ. ಆಮೇಲೆ ಒಂದೊಂದೇ ಮಾತು ಹಾಗೆ ಸಿಕ್ಕಿದವು. ಮೇಜಿಗೆ ಮೇಜಾ, ತಯಾರಿಗೆ ತಯಾರಿ, ಬಾಕಿಗೆ ಬಾಕಿ. ಅವಳಿಗೆ ಸಿನಿಮಾ ನೋಡಿ ಕಲಿತ ಹಿಂದಿ, ಅವನಿಗೆ ಚಿಂತಾಮಣಿಯ ಲಾರಿ ಡ್ರೈವರುಗಳಿಂದ ಬಂದ ಉರ್ದು. ಅವೆರಡನ್ನೂ ಅವಳ ಸ್ವಾಹಿಲಿಯೊಳಗೆ ಕಲಸಿ ಮಾತು ನಡೆಯಿತು. ಮುಸುಕಿನ ಜೋಳದ ಹಿಟ್ಟಿನ ಉಗಾಲಿಯನ್ನು ಅವನು ಮುದ್ದೆಯ ಹಾಗೆ ಅಗಿಯದೆ ನುಂಗಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಪ್ರತಿ ಮನೆಯ ಮುಂದೂ ನಮ್ಮ ಜಗಲಿಯಂಥದೇ ಕಲ್ಲಿನ ಕಟ್ಟೆ ಇತ್ತು. ಬರಾಜಾ ಅನ್ನುತ್ತಾರೆ. ಸಂಜೆ ಅವಳು ಅಲ್ಲಿ ಕೂತು ಕಥೆ ಹೇಳುತ್ತಿದ್ದಳು. ಚಳಿಗಾಲದಲ್ಲಿ ಈಶಾನ್ಯದ ಗಾಳಿ ಹಿಡಿದು ಅರಬ್ ದೇಶದಿಂದ, ಕಚ್ಛದಿಂದ ಹಾಯಿಹಡಗುಗಳು ಬರುತ್ತಿದ್ದವಂತೆ. ಖರ್ಜೂರ, ಚಾಪೆ, ಬಟ್ಟೆ ತರುತ್ತಿದ್ದವು, ಇಲ್ಲಿಂದ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಮರದ ಗಳುಗಳನ್ನು ಒಯ್ಯುತ್ತಿದ್ದವು. ಮರವೇ ಇಲ್ಲದ ಆ ಕಡೆಯ ಮನೆಗಳ ಛಾವಣಿಗೆ ಆ ಗಳುಗಳೇ ಬೇಕು.

"ಬಂದವರು ಮನಸ್ಸು ಮಾಡಿದರೂ ಹೋಗೋ ಹಾಗಿರಲಿಲ್ಲ" ಅಂದಳು ಅವಳು. "ಗಾಳಿ ತಿರುಗೋವರೆಗೂ ಇಲ್ಲೇ ಕೂರಬೇಕು. ಅದಕ್ಕೇ ಈ ಕಟ್ಟೆ. ಒಳಗೆ ಕರೆಯೋಕೆ ಗುರುತಿಲ್ಲ, ಬೀದೀಲಿ ಬಿಡೋಕೆ ಮನಸ್ಸಿಲ್ಲ. ನನ್ನ ಮುತ್ತಜ್ಜ ಹಾಗೆ ಕೂತವನು ಎದ್ದು ಹೋಗಲೇ ಇಲ್ಲ, ಇಲ್ಲೇ ಮದುವೆಯಾದ."

"ಈಗ?"

"ಈಗ ಹಡಗಿಗೆ ಎಂಜಿನ್ ಇದೆ. ಯಾರೂ ಕಾಯೋದಿಲ್ಲ." ಅವಳ ಗಂಡ ಸಮುದ್ರಕ್ಕೆ ಹೋದವನು ಮರಳಿರಲಿಲ್ಲ. ಮಗ ಮಸ್ಕತ್ತಿನಲ್ಲಿ ಅಂಗಡಿಯಿಟ್ಟಿದ್ದ.

ಆ ಊರಿನಲ್ಲಿ ಕುಶಲ ಕೇಳುವುದು ಒಂದು ಮಾತಿಗೆ ಮುಗಿಯುವುದಿಲ್ಲ. ದೂರದಿಂದ ಬಂದವರ ಬಾಯಿಂದಲೇ ಸುದ್ದಿ ತಿಳಿಯಬೇಕಾಗಿದ್ದ ಕಾಲದ ರೂಢಿ ಅದು. ನೀನು ಹೇಗಿದ್ದೀ, ಮನೆ ಹೇಗಿದೆ, ಮನೆಯವರು ಹೇಗಿದ್ದಾರೆ, ಎಲ್ಲ ಕೇಳಿಯೇ ಮುಂದಿನ ಮಾತು. ಒಂದು ಬೆಳಿಗ್ಗೆ ಬೀ ಜುಹುರಾ ಹೆಂಡತಿಯ ಹೆಸರು ಕೇಳಿದಳು.

"ಕಲ್ಯಾಣಿ" ಅಂದ ಗಂಗರಾಜು.

"ಕಲ್ಯಾಣಿ ಹಾಜಂಬೋ?" ಕಲ್ಯಾಣಿ ಕ್ಷೇಮವೇ?

ಇಲ್ಲ, ಸತ್ತಳು ಅನ್ನುವುದಕ್ಕೆ ಬೇಕಾದ ಸ್ವಾಹಿಲಿ ಮಾತು ಆ ಹೊತ್ತಿಗೆ ಅವನಿಗೆ ಗೊತ್ತಿರಲಿಲ್ಲ, ಉರ್ದುವಿನ ಮಾತು ಬಾಯಿಗೆ ಬರಲಿಲ್ಲ. ಬಂದಿದ್ದರೂ ಹೇಳುತ್ತಿದ್ದನೋ ಇಲ್ಲವೋ. "ಹಾಜಂಬೋ" ಅಂದುಬಿಟ್ಟ. ಕ್ಷೇಮ.

ಅಲ್ಲಿಂದ ದಿನಾ ಬೆಳಿಗ್ಗೆ ಅದೇ ಪ್ರಶ್ನೆ, ಅದೇ ಉತ್ತರ. ಮೀನು ಮಾರುವವರು, ದೋಣಿ ರಿಪೇರಿಯವರು, ಬಿಂದಿಗೆ ಹೊತ್ತ ಹೆಂಗಸರು, ಎಲ್ಲರಿಗೂ ಆ ಹೆಸರು ಬಾಯಿಪಾಠವಾಯಿತು. ಓಣಿಯಲ್ಲಿ ಸಿಕ್ಕವರೆಲ್ಲ ಕಲ್ಯಾಣಿಯನ್ನು ವಿಚಾರಿಸುತ್ತಿದ್ದರು. ಗಂಗರಾಜು ಮೊದಮೊದಲು ಉತ್ತರ ಕೊಟ್ಟು ಬೇಗ ಬೇಗ ಮುಂದೆ ನಡೆದುಬಿಡುತ್ತಿದ್ದ. ಆಮೇಲೆ ಆ ಹೆಸರು ಕೇಳದಿದ್ದರೆ ಹೊತ್ತು ಹೋಗದು ಎನ್ನುವಂತಾಯಿತು. ರಾತ್ರಿ ಮಾತ್ರ, ಬಾಗಿಲು ಹಾಕಿಕೊಂಡ ಮೇಲೆ, ತಾನೊಬ್ಬ ಕಳ್ಳ ಅನ್ನಿಸುತ್ತಿತ್ತು.

ಗಾಳಿ ತಿರುಗಿತು. ಮಳೆ ಸುರಿದು ನಿಂತಿತು. ಕಂಪ್ರೆಸರ್ ಭಾಗ ಬರಲಿಲ್ಲ. ಚೆನ್ನರಾಯಪ್ಪ ಲಾರಿಯನ್ನು ಮೊಂಬಾಸಾದವರಿಗೇ ಮಾರಿ, "ಹೊರಟು ಬಂದ್ಬಿಡಪ್ಪ" ಅಂತ ಪಕ್ಕದ ಅಂಗಡಿಗೆ ಫೋನು ಮಾಡಿಸಿದ.

ಹೊರಡುವ ಬೆಳಿಗ್ಗೆ ಬೀ ಜುಹುರಾ ಕಂಗಾ ತಂದಳು. ಅಲ್ಲಿನ ಹೆಂಗಸರು ಉಡುವ, ಹೊದೆಯುವ ಹತ್ತಿಯ ಬಟ್ಟೆ ಅದು, ಜೋಡಿಯಾಗಿಯೇ ಬರುತ್ತದೆ. "ಕಲ್ಯಾಣಿಗೆ ಕೊಡು. ಬಟ್ಟೆ ಬಂದದ್ದು ನಿಮ್ಮ ದೇಶದಿಂದಲೇ, ಸುತ್ತು ಹಾಕ್ಕೊಂಡು ಮನೆಗೆ ಹೋಗ್ಲಿ" ಅಂತ ನಕ್ಕಳು.

ಗಂಗರಾಜು ಕೈ ಚಾಚಲಿಲ್ಲ. "ಬೀ, ಕಲ್ಯಾಣಿ ಇಲ್ಲ. ನಾನು ಇಲ್ಲಿಗೆ ಬರೋಕೆ ಮುಂಚೇನೇ ತೀರಿಕೊಂಡ್ಳು."

ಅವಳ ನಗು ಹಾಗೆಯೇ ಮುಖದ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. "ನಾನು ದಿನಾ ನಮಾಜಿನಲ್ಲಿ ಅವಳ ಆರೋಗ್ಯಕ್ಕೆ ಕೇಳ್ಕೊಂಡೆ" ಅಂದಳು. "ಸತ್ತವಳಿಗೆ ಮಾಡೋ ಪ್ರಾರ್ಥನೆ ಬೇರೆ ಇದೆ. ಅದನ್ನ ಮಾಡೋಕೆ ಬಿಡಲಿಲ್ಲ ನೀನು." ಬಟ್ಟೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಬಸ್ಸಿನವನು ಹಾರ್ನ್ ಮಾಡುತ್ತಿದ್ದ. ಗಂಗರಾಜು ಬಟ್ಟೆಯನ್ನು ಮುಟ್ಟದೆ ಹೊರಟ.

ಊರಿಗೆ ಬಂದವನನ್ನು ಸಿಂಹ ನೋಡಿದೆಯಾ, ಆನೆ ನೋಡಿದೆಯಾ ಅಂತ ಎಲ್ಲರೂ ಕೇಳಿದರು. ಅವನು ಎರಡನ್ನೂ ನೋಡಿರಲಿಲ್ಲ. ಗಾಳಿಯ ವಿಚಾರ ಹೇಳಹೋದರೆ ಯಾರಿಗೂ ರುಚಿಸಲಿಲ್ಲ. ಮತ್ತೆ ಲಾರಿ ಹತ್ತಿದ, ಮತ್ತೆ ಕಲ್ಲು, ಮತ್ತೆ ಗದ್ದಲ. ಬೆಳಿಗ್ಗೆ ಎದ್ದರೆ ಕುಶಲ ಕೇಳುವವರಿಲ್ಲ. ಮೊದಲಿದ್ದ ಒಂಟಿತನಕ್ಕೆ ಈಗ ಇನ್ನೊಂದು ಸೇರಿಕೊಂಡಿತ್ತು.

ಚಿಂತಾಮಣಿ ಬಸ್‌ಸ್ಟ್ಯಾಂಡಿನ ಹತ್ತಿರದ ಬೂತಿನಿಂದ, ಬೀ ಜುಹುರಾಳ ಪಕ್ಕದ ಅಂಗಡಿಗೆ ಫೋನು ಮಾಡಿದ. ಅವಳು ಬರಲಿಲ್ಲ. ಕೆಲವು ದಿನ ಬಿಟ್ಟು ಮಾಡಿದ. ನಮಾಜಿಗೆ ಕೂತಿದ್ದಾಳೆ ಅಂದರು. ಯುಗಾದಿ ಕಳೆದ ಮೇಲೆ ಇನ್ನೊಮ್ಮೆ ಮಾಡಿದಾಗ ಆ ಕಡೆ ಚಪ್ಪಲಿಯ ಸದ್ದು, ಉಸಿರಿನ ಸದ್ದು ಕೇಳಿಸಿತು.

"ಗಂಗಾ, ಮನೆ ಹೇಗಿದೆ?"

"ಮನೇಲಿ ಯಾರೂ ಇಲ್ಲ, ಬೀ. ನಾನೊಬ್ಬನೇ."

"ಇಲ್ಲೂ ಅಷ್ಟೇ." ಬೂತಿನ ಹೊರಗೆ ಕಂಡಕ್ಟರ್ ಶಿಡ್ಲಘಟ್ಟ, ಶಿಡ್ಲಘಟ್ಟ ಅಂತ ಕೂಗುತ್ತಿದ್ದ. "ನೀನು ಹೇಗಿದ್ದೀ ಅಂತ ಆಮೇಲೆ ಕೇಳ್ತೀನಿ. ಮೊದಲು ಅವಳು ಹೇಗಿದ್ದಳು ಹೇಳು. ಈ ಸಲ ನಿಜ ಹೇಳು."

ಗಂಗರಾಜು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೋಡೆಯ ಕಡೆ ತಿರುಗಿದ. ಕಲ್ಯಾಣಿ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು ಅಂದ. ಬಿಸಿನೀರಿನಲ್ಲಿ ದಿನವಿಡೀ ನೆಂದು ಅವಳ ಬೆರಳ ತುದಿಗಳು ಬೆಳ್ಳಗೆ ಉಬ್ಬಿರುತ್ತಿದ್ದವು, ಅನ್ನ ಕಲಸುವಾಗ ಉರಿಯುತ್ತದೆ ಅಂತ ಚಮಚ ಹಿಡಿಯುತ್ತಿದ್ದಳು, ಅದಕ್ಕೆ ತಾನು ದೊರೆಸಾನಿ ಅಂತ ರೇಗಿಸುತ್ತಿದ್ದೆ ಅಂದ. ನೂಲಿಗೆ ಸ್ವಾಹಿಲಿಯಲ್ಲಿ ಏನನ್ನುತ್ತಾರೋ ಗೊತ್ತಾಗದೆ ಕನ್ನಡದಲ್ಲೇ ಹೇಳಿದ. ಆ ಕಡೆಯವಳು ಹ್ಞೂಂ, ಹ್ಞೂಂ ಅನ್ನುತ್ತಲೇ ಇದ್ದಳು.