ಮಾಮನ ಗಿಟಾರಿನ ಗುಂಯ್

ಗಿಟಾರಿನ ಹೊಟ್ಟೆಯೊಳಗಿನ ನಾಲ್ಕು ವಯರು ಬದಲಾಯಿಸಲು ಇಷ್ಟು ಒದ್ದಾಡಬೇಕೆಂದು ಗೊತ್ತಿದ್ದರೆ ನಾನು ಕೊಳಲು ಕಲಿಯುತ್ತಿದ್ದೆ. ಕೊಳಲಿಗೆ ಕರೆಂಟು ಬೇಡ.

ಗಿಟಾರು ನಮ್ಮ ಮಾಮನದು, ಅಂದರೆ ಅಮ್ಮನ ತಮ್ಮನದು. ಮಸ್ಕತ್ತಿಗೆ ಹೋಗುವ ಮೊದಲು ಅವರು ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದರು. ಮಸ್ಕತ್ತಿನಲ್ಲಿ ವರ್ಕ್‌ಶಾಪಿನ ಯಂತ್ರಕ್ಕೆ ಎಡಗೈಯ ಎರಡು ಬೆರಳು ಹೋದವು. ಊರಿಗೆ ಬಂದವರೇ ಗಿಟಾರನ್ನು ನನ್ನ ಮಡಿಲಲ್ಲಿಟ್ಟು, "ನೀನು ಬಾರಿಸು, ನಾನು ಕೇಳ್ತೇನೆ" ಅಂದರು. ಮೆತ್ತಗಿನ, ಸ್ವಲ್ಪ ಗಂಟಲು ಕಟ್ಟಿದಂತಹ ಸ್ವರ ಅದರದ್ದು.

ಈ ಮೇ ತಿಂಗಳಲ್ಲಿ ಅವರ ಮಗಳ ಮದುವೆ. ಪಂಪ್‌ವೆಲ್‌ನ ಅವರ ಫ್ಲ್ಯಾಟಿನಲ್ಲಿ ಜಾಗ ಸಾಲದೆಂದು ಮೆಹೆಂದಿ ಕಾರ್ಯಕ್ರಮ ಶಕ್ತಿನಗರದ ನಮ್ಮ ಅಂಗಳದಲ್ಲಿ ಎಂದಾಯಿತು. ಅದಕ್ಕಾಗಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಕಲ್ಲು ಹಾಸಿಸಿದೆವು. ಮಾಮ ಕೇಳಿದ್ದು ಒಂದೇ. "ಆ ದಿನ ನನ್ನ ಗಿಟಾರಿನ ಸ್ವರ ಒಮ್ಮೆ ಕೇಳ್ಬೇಕು ಮಗಾ. ಬೇರೆ ಎಂತದೂ ಬೇಡ."

ಸರಿಯಾಗಿ ಆಗಲೇ ಅದು ಕೈಕೊಟ್ಟಿತು. ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಒಂದೇ ಸಮನೆ ಗುಂಯ್ ಅನ್ನುತ್ತದೆ. ತಂತಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಒಳಗಿನ ಸಾಮಾನು ಹಳತಾಗಿದೆ, ಎಲ್ಲ ಹೊಸದು ಹಾಕುವುದೇ ಸರಿ ಎಂದುಕೊಂಡೆ.

ಇಂಟರ್‌ನೆಟ್ ತೆರೆದದ್ದೇ ಗ್ರಹಚಾರ. ಸ್ವರ ಹೆಚ್ಚು ಕಡಿಮೆ ಮಾಡುವ ತಿರುಪಿನ ಕೆಳಗೆ 'ಪಾಟ್' ಎಂಬ ಬಿಡಿಭಾಗ ಇರುತ್ತದೆ. ಅದು ಇನ್ನೂರೈವತ್ತು ಕೆ ಇರಬೇಕೆಂದು ಒಬ್ಬ, ಐನೂರೇ ಇರಬೇಕೆಂದು ಇನ್ನೊಬ್ಬ. ಹುಣಸೆ ಬೀಜದಷ್ಟಿರುವ ಕೆಪಾಸಿಟರಿನ ವಿಷಯದಲ್ಲಂತೂ ಜನ ಕಮೆಂಟಿನಲ್ಲೇ ಕೈಕೈ ಮಿಲಾಯಿಸುವುದೊಂದು ಬಾಕಿ. ಇವರಿಗೆಲ್ಲ ಬೇರೆ ಕೆಲಸವಿಲ್ಲವೇ?

ಹಂಪನಕಟ್ಟೆಯ ಅಂಗಡಿಗೆ ಹೋದೆ. "ಐನೂರು ಕೆ ಪಾಟ್ ಉಂಟಾ?"

"ಎಂತಕ್ಕೆ? ಮಿಕ್ಸಿಗಾ?" ಅಂದ ಅಂಗಡಿಯವ.

"ಗಿಟಾರಿಗೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಟೇಪ್‌ರೆಕಾರ್ಡರಿನದ್ದು ಉಂಟು. ಹಾಕಿ, ಎಲ್ಲ ಒಂದೇ."

ಎಲ್ಲ ಒಂದೇ ಅಂತೆ! ಗಿಟಾರಿನ ತೂತಿನೊಳಗೆ ಅದು ಗಡಗಡ ಅಲ್ಲಾಡಿತು. ಆನ್‌ಲೈನಿನಲ್ಲಿ ತರಿಸಿದ್ದಕ್ಕೆ ತಿರುಪೇ ಕೂರಲಿಲ್ಲ. ಅದನ್ನು ಹಿಂದೆ ಕಳಿಸಿ ಇನ್ನೊಂದು ತರಿಸುವಷ್ಟರಲ್ಲಿ ಮೆಹೆಂದಿಗೆ ಒಂದು ವಾರ ಉಳಿದಿತ್ತು. ಕೊನೆಗೆ ಐನೂರರ ಪಾಟ್, ದುಬಾರಿ ಕೆಪಾಸಿಟರ್, ಕವಚವಿರುವ ವಯರು ಎಂದು ತೀರ್ಮಾನಿಸಿದೆ. ಹಳೆಯದನ್ನೆಲ್ಲ ಕಟರಿನಿಂದ ಕತ್ತರಿಸಿ ಒಣಕಸದ ಚೀಲಕ್ಕೆ ಎಸೆದೆ, ಕಾರ್ಪೊರೇಷನ್ ಗಾಡಿ ಬಂದು ಒಯ್ದಿತು. ಬೆರಳು ಸುಟ್ಟುಕೊಂಡು ಹೊಸತನ್ನು ಬೆಸೆದು, ದೇವರ ಹೆಸರು ಹೇಳಿ ಪ್ಲಗ್ ಸಿಕ್ಕಿಸಿದೆ.

ಗುಂಯ್.

ಸ್ಕ್ರೂಡ್ರೈವರನ್ನು ಗೋಡೆಗೆ ಬೀಸಿ ಒಗೆದೆ. ಸಿಟ್ಟಿಗೆ ಅಳುವೇ ಬಂತು. ಸದ್ದು ಕೇಳಿ ಅಮ್ಮ ಅಡುಗೆಮನೆಯಿಂದ ಬಂದರು. "ಎಂತ ಸಾವು ಮಾರಾಯ್ತಿ ನಿಂದು! ಫ್ರಿಜ್ ಮುಟ್ಟಿದರೂ ಈಗ ಜುಮ್ ಅಂತದೆ. ಅದಕ್ಕೂ ಹೊಸ ವಯರು ಹಾಕ್ತೀಯಾ?"

ಹೇಳಿದವರೇ ಥಟ್ಟನೆ ನಿಂತು ಅಂಗಳದ ಮೂಲೆ ನೋಡಿದರು. "ಅಯ್ಯೋ ದೇವರೇ, ಅರ್ತಿಂಗ್ ಗುಂಡಿ ಇಂಟರ್‌ಲಾಕಿನ ಅಡಿಗೆ ಹೋಯ್ತಲ್ಲ! ಈ ವರ್ಷ ಅದಕ್ಕೆ ನೀರೇ ಹೊಯ್ಯಲಿಲ್ಲ."

ಮನೆಯಲ್ಲಿ ಸೋರುವ ಕರೆಂಟು ನೆಲಕ್ಕೆ ಇಳಿಯುವುದು ಆ ಗುಂಡಿಯಿಂದ; ಮಣ್ಣು ಒಣಗಬಾರದೆಂದು ಪ್ರತಿ ಬೇಸಗೆಯಲ್ಲೂ ಅದಕ್ಕೆ ನೀರು ಹೊಯ್ಯುವುದು ಅಮ್ಮನೇ. ಹಾರೆಯಿಂದ ಹೊಸ ಕಲ್ಲುಗಳನ್ನೆಬ್ಬಿಸಿ ಕೊಡಗಟ್ಟಲೆ ನೀರು ಸುರಿದೆವು. ಒಣಗಿ ಬಿರುಕು ಬಿಟ್ಟ ಮಣ್ಣು ಸೊರಸೊರ ಕುಡಿಯಿತು. ಮತ್ತೆ ಪ್ಲಗ್ ಹಾಕಿದರೆ ಗುಂಯ್ ಇಲ್ಲ, ಜುಮ್ಮೂ ಇಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದು ಅಮ್ಮ ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ಬರೆ ಬಿದ್ದ ಎಮ್ಮೆ ನನ್ನ ಕೈಯಲ್ಲೇ ಇತ್ತು. ತಂತಿ ಮೀಟಿದರೆ ಹೊಸ ಸ್ಟೀಲ್ ಲೋಟಕ್ಕೆ ಬಡಿದಂತೆ ಚುರುಕಾದ, ಚೊಕ್ಕ ಸ್ವರ. ತಿರುಪನ್ನು ಎಷ್ಟು ತಿರುಗಿಸಿದರೂ ಆ ಕಟ್ಟಿದ ಗಂಟಲು ತಿರುಗಿ ಬರಲಿಲ್ಲ. ಕಿವಿಯ ಭ್ರಮೆ ಇರಬೇಕು, ಮಾಮನಿಗೆ ಗೊತ್ತಾಗಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮೆಹೆಂದಿಯ ಸಂಜೆ ಅಂಗಳ ತುಂಬಿತ್ತು. ಮಾಮ ಮನೆಯ ಹಿಂದೆ ಅಡುಗೆಯವರ ಜೊತೆ ನಿಂತು ಕೋಳಿ ಸುಕ್ಕದ ಉಸ್ತುವಾರಿ ನೋಡುತ್ತಿದ್ದರು. ಅವರೇ ಕಲಿಸಿದ ಹಳೆಯ ಧಾಟಿಯನ್ನು ಎಲ್ಲೂ ತಪ್ಪದೆ ನುಡಿಸಿದೆ. ಜನ ಚಪ್ಪಾಳೆ ತಟ್ಟಿದರು. ಗಿಟಾರನ್ನು ಕುರ್ಚಿಗೆ ಒರಗಿಸಿಟ್ಟು ಹಿಂದಕ್ಕೆ ಓಡಿದೆ.

"ಕೇಳಿತಾ ಮಾಮ?"

"ಕೇಳಿತು, ಕೇಳಿತು. ಚಂದ ಬಾರಿಸಿದಿ ಮಗಾ." ಅವರು ಹೆಗಲ ಬೈರಾಸಿನಿಂದ ಮುಖದ ಬೆವರು ಒರೆಸಿಕೊಂಡರು. "ಯಾರದ್ದು ಆ ಗಿಟಾರು? ಭಾರಿ ಕ್ಲಿಯರ್ ಉಂಟು. ನನ್ನದು ತೆಗೆಯುವಾಗ ನನ್ನನ್ನೊಮ್ಮೆ ಕರಿ ಆಯ್ತಾ, ಎದುರು ಬಂದು ಕೂತ್ಕೊಳ್ತೇನೆ."